ಲಾಳಿಯ ಕಣ್ಣು, ಗಾಳದ ಕೋಲಿನ ಬಳೆ

(ಬೆಂಗಳೂರಿನ ಗಾಳ ಹವ್ಯಾಸಿಗಳ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿಳಿಸಿದ್ದು. ಕೆಮ್ಮು, ಟೀ ಲೋಟದ ಸದ್ದು, ಎರಡು ಕಡೆ ಹಾದಿ ತಪ್ಪಿದ್ದು ಬಿಟ್ಟಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೈಕು ಬೇಡ ಅಂದಿದ್ದೆ, ಕೊಟ್ಟೇಬಿಟ್ಟಿದ್ದಾರೆ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಏಳಡಿ ರಾಡು. ಮಾತಿನ ಭರದಲ್ಲಿ ಬೀಸಿದರೆ ಫ್ಯಾನಿಗೆ ತಗಲುತ್ತದೆ, ಮುಂದಿನ ಸಾಲಿನವರು ಸ್ವಲ್ಪ ನೋಡಿಕೊಳ್ಳಿ.

ನಾನು ಗಾಳದ ಕೋಲು, ಅಂದರೆ ರಾಡ್, ಕಟ್ಟುವವನು. ದಾರ ಹಾಯಲಿ ಅಂತ ಕೋಲಿನುದ್ದಕ್ಕೂ ಕಟ್ಟುವ ಬಳೆಗಳಿಗೆ ಗೈಡ್ ಅನ್ನುತ್ತೇವೆ. ರಾಡ್ ಕಟ್ಟಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವ ಮಾತು ಒಂದೇ: "ಸಾರ್, ಗೈಡ್ ದೊಡ್ಡದು ಹಾಕಿ, ಲೈನ್ ಸಲೀಸಾಗಿ ಹೋಗ್ಲಿ, ದೂರ ಬೀಳ್ಲಿ." ಇತ್ತೀಚೆಗೆ ಇನ್ನೊಂದು ಪಂಗಡ ಹುಟ್ಟಿಕೊಂಡಿದೆ. ಅವರದು ಇದರ ಉಲ್ಟಾ: "ಮೈಕ್ರೋ ಗೈಡ್ ಹಾಕಿ, ಎಷ್ಟು ಸಣ್ಣದೋ ಅಷ್ಟು ದೂರ." ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಆ ಅರ್ಧಗಳು ಯಾವುವು ಅಂತ ಬಿಡಿಸಿ ಹೇಳುವುದಷ್ಟೇ ಇವತ್ತಿನ ನನ್ನ ಕೆಲಸ.

ನಾನು ದೊಡ್ಡಬಳ್ಳಾಪುರದವನು. ಮಗ್ಗದ ಮನೆ. ಗೈಡ್ ಕೂರಿಸಲು ರಾಡಿಗೆ ದಾರ ಸುತ್ತುವುದು ನನಗೆ ಬೇಗ ಕೈಗೆ ಹತ್ತಿದ್ದಕ್ಕೆ ಅದೇ ಕಾರಣ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮಗ್ಗಕ್ಕೂ ಗಾಳದ ದಾರ ಸುತ್ತಿಡುವ ನಮ್ಮ ಸ್ಪಿನ್ನಿಂಗ್ ರೀಲಿಗೂ ಇರುವುದು ಅದಕ್ಕಿಂತ ಹಳೆಯ ನಂಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಕಡೆ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಅನ್ನುವ ನೂಲಿನ ಗಿರಣಿಯ ಧಣಿ ಇದ್ದ. 1905ರಲ್ಲಿ ಅವನು ಒಂದು ರೀಲಿಗೆ ಪೇಟೆಂಟ್ ತೆಗೆದುಕೊಂಡ. ಅದಕ್ಕೂ ಮುಂಚೆ ರೀಲ್ ಅಂದರೆ ಹೆಚ್ಚಾಗಿ ರಾಟೆಯ ಹಾಗೆ ತಿರುಗಿ ದಾರ ಬಿಡುವಂಥದ್ದು. ಇವನ ರೀಲಿನಲ್ಲಿ ಉರುಳೆ ತಿರುಗುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ದಾರ ಅದರ ಅಂಚಿನ ಮೇಲಿಂದ ಸುತ್ತುಸುತ್ತಾಗಿ ಜಾರಿ ಬರುತ್ತದೆ. ಅವನಿಗೆ ಇದು ಹೊಳೆದದ್ದು ಗಿರಣಿಯ ಬಾಬಿನ್ ನೋಡಿ ಅಂತ ಹೇಳುತ್ತಾರೆ. ಮಗ್ಗದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆಯಿಂದ ಹೊಕ್ಕಿನ ಎಳೆ ಬಿಚ್ಚಿಕೊಳ್ಳುವುದು ಹಾಗೇ. ಕಂಡಿಕೆ ಕದಲುವುದಿಲ್ಲ, ಎಳೆ ಅದರ ಮೂತಿಯ ಮೇಲಿಂದ ಜಾರಿ, ಲಾಳಿಯ ತುದಿಯ ಪಿಂಗಾಣಿ ಕಣ್ಣಿನಿಂದ ಹೊರಬರುತ್ತದೆ.

ಆ ಕಣ್ಣೇ ನಮ್ಮ ಗೈಡ್. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಮೊದಲು ಅಳತೆಯ ವಿಷಯ, ಬೇಗ ಮುಗಿಸುತ್ತೇನೆ. ಗೈಡ್ ಅಂದರೆ ಲೋಹದ ಕಟ್ಟು ಮತ್ತು ಅದರೊಳಗೆ ಕೂರಿಸಿದ ಪಿಂಗಾಣಿ ಜಾತಿಯ ಬಳೆ. ಅಲ್ಯೂಮಿನಿಯಂ ಆಕ್ಸೈಡ್ ಇರಬಹುದು, ಸಿಲಿಕಾನ್ ಕಾರ್ಬೈಡ್ ಇರಬಹುದು. ಜಪಾನಿನ ಫ್ಯೂಜಿ ಕಂಪನಿಯ ಲೆಕ್ಕದಲ್ಲಿ 20, 10, 5.5 ಅಂತ ಬರೆದಿರುತ್ತದಲ್ಲ, ಅದು ಹೆಚ್ಚುಕಡಿಮೆ ಬಳೆಯ ಹೊರಗಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ದಾರ ಹೋಗುವ ತೂತು ಅದಕ್ಕಿಂತ ಸಣ್ಣದು. 5.5ರ ಬಳೆಯಲ್ಲಿ ತೂತು ನಾಲ್ಕು ಮಿಲಿಮೀಟರಿನ ಆಸುಪಾಸು. ಬಳೆ ತೆಳುವಾಗಿದ್ದರೆ ಅದೇ ನಂಬರಿನಲ್ಲಿ ತೂತು ದೊಡ್ಡದಾಗುತ್ತದೆ. ಹಾಗಾಗಿ ನಂಬರು ನೋಡಿ ಜಗಳ ಮಾಡಬೇಡಿ. ಇನ್ನೊಂದು ಅಳತೆಯನ್ನು ಯಾರೂ ಕೇಳುವುದೇ ಇಲ್ಲ: ಬಳೆ ಕೋಲಿನಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನುವುದು. ರೀಲಿನ ಹತ್ತಿರದ ಮೊದಲ ಗೈಡಿನಲ್ಲಿ ಬಳೆಯ ಅಗಲಕ್ಕಿಂತ ಈ ಎತ್ತರ ಮುಖ್ಯ. ಇದು ನನ್ನ ಅಭಿಪ್ರಾಯ, ಆದರೆ ತುಂಬ ಕೋಲು ಕೆಡಿಸಿ ಬಂದ ಅಭಿಪ್ರಾಯ.

ಈಗ ಈ ರೀಲ್ ನೋಡಿ. 2500 ಸೈಜಿನದು, ಉರುಳೆಯ ಅಡ್ಡಳತೆ ಸುಮಾರು 45 ಮಿಲಿಮೀಟರ್. ಒಂದು ಸುತ್ತು ಬಿಚ್ಚಿದರೆ 14 ಸೆಂಟಿಮೀಟರ್ ದಾರ. ಲ್ಯೂರು, ಅಂದರೆ ದಾರದ ತುದಿಯ ನಕಲಿ ಆಮಿಷ, 50 ಮೀಟರ್ ಹೋಗಿ ಬಿತ್ತು ಅನ್ನಿ. ಅಂದರೆ 350ಕ್ಕೂ ಹೆಚ್ಚು ಸುತ್ತು. ಅದೆಲ್ಲ ಮೂರು ಸೆಕೆಂಡಿನ ಆಚೀಚೆ. ಎಸೆದ ಮೊದಲ ಕ್ಷಣದಲ್ಲಂತೂ ಲ್ಯೂರಿನ ವೇಗ ಸೆಕೆಂಡಿಗೆ 20 ಮೀಟರ್ ದಾಟಿರುತ್ತದೆ, ಆಗ ಸೆಕೆಂಡಿಗೆ ನೂರೈವತ್ತು ಸುತ್ತು ಹಾರುತ್ತವೆ. ಒಂದೊಂದು ಸುತ್ತೂ ಹೊರಕ್ಕೆ ಉಬ್ಬಿಕೊಂಡು ಬುಗುರಿಯ ಹಾಗೆ ತಿರುಗುತ್ತಾ ಬರುತ್ತದೆ. ನೂಲಿನ ಗಿರಣಿಯಲ್ಲಿ ಇದಕ್ಕೆ ಬಲೂನ್ ಅನ್ನುತ್ತಾರೆ. ಹಗುರ ನೂಲಾದರೆ ಆ ಬಲೂನು ಕಣ್ಣಿಗೇ ಕಾಣುತ್ತದೆ, ಮಸುಕು ಮಸುಕಾದ ಸೋರೆಬುರುಡೆಯ ಆಕಾರ. ಅದನ್ನು ಹದ್ದುಬಸ್ತಿನಲ್ಲಿಡುವುದಕ್ಕೇ ಗಿರಣಿಗಳಲ್ಲಿ ಬೇರೆ ಬಳೆ ಇರುತ್ತದೆ. ಲಾಳಿಯಲ್ಲಾದರೆ ಒಳಗೋಡೆಗೆ ತುಪ್ಪಳದ ಪಟ್ಟಿ ಅಂಟಿಸುತ್ತಾರೆ, ಎಳೆ ಒಟ್ಟೊಟ್ಟಿಗೆ ಕುಸಿದು ಸಿಕ್ಕಾಗದಿರಲಿ ಅಂತ.

ನಮ್ಮ ರಾಡಿನಲ್ಲಿ ತುಪ್ಪಳ ಇಲ್ಲ. ಇರುವುದು ಮೊದಲ ಎರಡು ಮೂರು ಗೈಡು. ಬಲೂನನ್ನು ಹಿಡಿದು ನೇರ ಎಳೆಯಾಗಿ ಮಾಡುವ ಕೆಲಸ ಅವುಗಳದ್ದು. ಆ ಕೆಲಸ ಮುಗಿದ ಮೇಲೆ ಮುಂದಿನ ಗೈಡುಗಳಿಗೆ ಎಸೆತದ ಮಟ್ಟಿಗೆ ಹೆಚ್ಚಿನ ಕೆಲಸವಿಲ್ಲ. ಮೀನು ಕಚ್ಚಿ ಕೋಲು ಬಾಗಿದಾಗ ದಾರವನ್ನು ಕೋಲಿನ ಬೆನ್ನಿಗೇ ಇಟ್ಟುಕೊಂಡರೆ ಸಾಕು.

ಹಳೆಯ ಪದ್ಧತಿ ಹೀಗಿರಲಿಲ್ಲ. ಈ ಎರಡನೇ ರಾಡ್ ನೋಡಿ, ಅಂಗಡಿಯದು, ಹದಿನೈದು ವರ್ಷ ಹಿಂದಿನದು. ಗೈಡುಗಳು 25, 16, 12, 10, 8, ಮತ್ತೆ 8. ಆಲಿಕೆಯ ಹಾಗೆ ನಿಧಾನವಾಗಿ ಕಿರಿದಾಗುತ್ತಾ ಹೋಗಬೇಕು, ದಾರದ ಸುತ್ತು ತುದಿಯವರೆಗೂ ಯಾವ ಬಳೆಗೂ ತಾಗದೆ ಸಣ್ಣಗಾಗುತ್ತಾ ಹೋಗುತ್ತದೆ ಅನ್ನುವ ನಂಬಿಕೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದಾರ ಆಲಿಕೆಯೊಳಗೆ ಸುರಿವ ನೀರಲ್ಲ. ಸುತ್ತು ಉಳಿದಷ್ಟು ದೂರವೂ ಅದು ಕೋಲಿಗೆ ಬಡಿಯುತ್ತಾ ಹೋಗುತ್ತದೆ. ಸಂಜೆಯ ಮೌನದಲ್ಲಿ ಎಸೆದರೆ ಪಟಪಟ ಸದ್ದು ಕೇಳುತ್ತದಲ್ಲ, ಆ ಸದ್ದೆಲ್ಲ ನಿಮ್ಮ ದೂರದ ಖರ್ಚು.

1990ರ ದಶಕದಲ್ಲಿ ಫ್ಯೂಜಿಯವರು ಇದನ್ನು ತಿರುಗಿಸಿ ಹಾಕಿದರು. ರೀಲಿನ ಉರುಳೆ ಯಾವ ನೇರಕ್ಕೆ ಮುಖ ಮಾಡಿದೆಯೋ ಆ ಗೆರೆಯನ್ನು ಮುಂದಕ್ಕೆ ಎಳೆಯಿರಿ. ರೀಲಿನ ಮೂತಿ ಕೋಲಿನ ಕಡೆಗೆ ಕೊಂಚ ವಾಲಿರುವುದರಿಂದ ಆ ಗೆರೆ ಎಲ್ಲೋ ಒಂದು ಕಡೆ ಕೋಲನ್ನು ಮುಟ್ಟುತ್ತದೆ. ಆ ಜಾಗಕ್ಕೆ ಬಲೂನನ್ನು ಪೂರ್ತಿ ಅದುಮುವ ಪುಟ್ಟ ಬಳೆ, ಚೋಕ್ ಗೈಡ್. ಅಲ್ಲಿಯವರೆಗೆ ಎತ್ತರದ ಗೈಡುಗಳಲ್ಲಿ ಬೇಗ ಬೇಗ ಕಿರಿದುಗೊಳಿಸಿ, ಅಲ್ಲಿಂದ ತುದಿಯವರೆಗೆ ಒಂದೇ ಅಳತೆಯ ಪುಟ್ಟ ಗೈಡುಗಳ ಸಾಲು. ಆಮೇಲೆ ಅವರೇ ತಂದ ಇನ್ನೊಂದು ಪದ್ಧತಿಯಲ್ಲಿ ಇದು ಇನ್ನೂ ಚುರುಕಾಯಿತು: 20, ಆಮೇಲೆ 10, ಆಮೇಲೆ 5.5. ಪ್ರತಿ ಹೆಜ್ಜೆಗೂ ಅರ್ಧಕ್ಕರ್ಧ. ನನ್ನ ಕೈಲಿರುವ ಈ ಏಳಡಿ ಕೋಲು ಅದೇ ಲೆಕ್ಕದ್ದು.

ಇಲ್ಲೊಂದು ಕಥೆ ಹೇಳಲೇಬೇಕು. ಮೈಕ್ರೋ ಗೈಡಿನ ಹುಚ್ಚು ಹತ್ತಿದ ಹೊಸತರಲ್ಲಿ ನಾನು ಕಟ್ಟಿದ ಒಂದು ಕೋಲಿನಲ್ಲಿ ಮೊದಲ ಗೈಡನ್ನೇ 12ಕ್ಕೆ ಇಳಿಸಿ, ಅದನ್ನು ರೀಲಿಗೆ ತೀರಾ ಹತ್ತಿರ ಕೂರಿಸಿದ್ದೆ. ನೋಡಲು ಚಂದ. ಎಸೆದರೆ ಯಾರೋ ಹಿಂದಿನಿಂದ ದಾರ ಹಿಡಿದುಕೊಂಡ ಹಾಗೆ. ಲ್ಯೂರು ಅರ್ಧ ದಾರಿಯಲ್ಲೇ ಸುಸ್ತಾಗಿ ಬೀಳುತ್ತಿತ್ತು. ಹತ್ತು ಎಸೆತಕ್ಕೆ ಒಂದು ಸಲ ಬ್ರೇಡ್, ಅಂದರೆ ಹೆಣೆದ ದಾರ, ಗಂಟಾಗುತ್ತಿತ್ತು. ಎಣ್ಣೆ ಹಾಕಿದೆ, ದಾರ ಬದಲಾಯಿಸಿದೆ, ಲ್ಯೂರಿಗೆ ಬೈದೆ. ಒಂದು ದಿನ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಕೊಕ್ಕೆಯಿಲ್ಲದ ತೂಕ ಕಟ್ಟಿ ಎಸೆಯುತ್ತಿದ್ದೆ. ಮಗ್ಗಕ್ಕೆ ಉದ್ದದ ಎಳೆಗಳನ್ನು ಜೋಡಿಸುವ ಹಾಸು ಕೆಲಸದಲ್ಲೇ ಆಯುಷ್ಯ ಕಳೆದ ನಮ್ಮ ಚಿಕ್ಕಪ್ಪ ಬೀಡಿ ಸೇದುತ್ತಾ ನಿಂತು ನೋಡುತ್ತಿದ್ದರು. ಅವರಿಗೆ ಗಾಳವೂ ಗೊತ್ತಿಲ್ಲ, ಮೀನೂ ತಿನ್ನುವುದಿಲ್ಲ.

"ಲೋ, ಕಣ್ಣು ಯಾಕೋ ಕೋನಿಗೆ ಅಂಟ್ಕೊಂಡಂಗೈತೆ?" ಅಂದರು.

"ಹಂಗಂದ್ರೆ, ಚಿಕ್ಕಪ್ಪ?"

"ಅಷ್ಟು ಹತ್ರ ಇಟ್ರೆ ಎಳೆ ಕೋನಿನ ಅಂಚಿಗೆ ಉಜ್ಜಲ್ವೇನೋ? ದೂರ ಇಡು. ಸುತ್ತು ಮೈ ಬಿಚ್ಕೊಳ್ಳೋಕೆ ಜಾಗ ಬೇಡ್ವಾ?"

ಹಾಸಿನ ಚೌಕಟ್ಟಿನಲ್ಲಿ ನೂಲು ಸುತ್ತಿದ ಕೋನುಗಳನ್ನು ಸಾಲಾಗಿ ಚುಚ್ಚಿಟ್ಟು ಒಂದೊಂದರ ಮುಂದೆಯೂ ಒಂದು ಕಣ್ಣಿಡುತ್ತಾರಲ್ಲ, ಆ ಕಣ್ಣು ಕೋನಿನಿಂದ ಎಷ್ಟು ದೂರ ಇರಬೇಕು ಅನ್ನುವುದು ಅವರಿಗೆ ಕೈಗೇ ಗೊತ್ತಿತ್ತು. ಟೇಪ್ ತಂದು ಅದೇ ಗೈಡನ್ನು ಒಂದು ಗೇಣು ಮುಂದಕ್ಕೆ ಸರಿಸಿದೆ. ಬಳೆ ಬದಲಾಯಿಸಲಿಲ್ಲ, ಜಾಗ ಮಾತ್ರ. ಹಿಡಿದುಕೊಂಡ ಹಾಗಿದ್ದ ಕೈ ಬಿಟ್ಟಂತಾಯಿತು. ಆಮೇಲೆ 12 ತೆಗೆದು ಎತ್ತರದ 20 ಹಾಕಿ ಅದನ್ನು ಇನ್ನೂ ಸ್ವಲ್ಪ ಸರಿಸಿದಾಗ ಕೋಲು ಕೋಲಾಯಿತು. ಚಿಕ್ಕಪ್ಪ ಅಷ್ಟರಲ್ಲಿ ಒಳಗೆ ಹೋಗಿದ್ದರು.

ಆದ್ದರಿಂದ ದೊಡ್ಡ ಗೈಡಿನ ಪಂಗಡದವರಿಗೆ ಸಿಗಬೇಕಾದ ಅರ್ಧ ನಿಜ ಇದು: ಮೊದಲ ಗೈಡಿನಲ್ಲಿ ಕಂಜೂಸ್ ಮಾಡಬಾರದು. ಅಲ್ಲಿ ಬಳೆ ಸಣ್ಣದಾಗಿ, ಕೋಲಿಗೆ ತಗ್ಗಾಗಿ, ರೀಲಿಗೆ ಹತ್ತಿರವಾಗಿ ಇದ್ದರೆ ಸುತ್ತುಗಳು ಬಳೆಯ ಮುಂದೆ ಒಂದರ ಮೇಲೊಂದು ಬಿದ್ದು ಒತ್ತರಿಸುತ್ತವೆ. ಶಿವರಾತ್ರಿ ಜಾತ್ರೆಯಲ್ಲಿ ದೇವಸ್ಥಾನದ ಬಾಗಿಲ ಮುಂದೆ ಆಗುತ್ತದಲ್ಲ, ಹಾಗೆ. ನೈಲಾನ್ ದಾರ ಹಾಕುವವರಿಗೆ ಇದು ಇನ್ನೂ ಕಟ್ಟುನಿಟ್ಟು. ನೈಲಾನು ಬಿರುಸು, ಉರುಳೆಯ ಸುರುಳಿಯನ್ನು ಮರೆಯುವುದಿಲ್ಲ, ಹೊರಬಂದ ಮೇಲೂ ಸ್ಪ್ರಿಂಗಿನ ಹಾಗೆ ಉಬ್ಬುತ್ತದೆ. 15 ಪೌಂಡ್ ಎಳೆತ ತಡೆಯುವ ನೈಲಾನ್ ಸುಮಾರು 0.35 ಮಿಲಿಮೀಟರ್ ದಪ್ಪ. ಅದೇ ಬಲದ ಬ್ರೇಡ್ ಹೆಚ್ಚುಕಡಿಮೆ ಅದರ ಅರ್ಧದಷ್ಟೇ, ಜೊತೆಗೆ ರೇಷ್ಮೆಯಷ್ಟು ಮೆದು. ಈ ಪುಟ್ಟ ಗೈಡುಗಳ ಯುಗ ಬಂದದ್ದೇ ಬ್ರೇಡ್ ಬಂದಿದ್ದರಿಂದ ಅನ್ನಬಹುದು. ಅದೇ ರಾಡಿಗೆ ದಪ್ಪ ನೈಲಾನ್ ಹಾಕಿ "ನಿಮ್ಮ ರಾಡು ಹೋಗ್ತಿಲ್ಲ" ಅಂತ ಫೋನ್ ಮಾಡುವವರು ಇದ್ದಾರೆ. ಹೆಸರು ಹೇಳುವುದಿಲ್ಲ, ಮೂರನೇ ಸಾಲಿನಲ್ಲಿ ನಗುತ್ತಿದ್ದಾರೆ.

ಈಗ ತುದಿಯ ಕಡೆ ಹೋಗೋಣ. ಸಣ್ಣ ಗೈಡಿನವರ ಅರ್ಧ ನಿಜ ಇರುವುದು ಇಲ್ಲಿ.

ಈ ಖಾಲಿ ಬ್ಲ್ಯಾಂಕ್ ನೋಡಿ, ಗೈಡೇ ಕಟ್ಟಿಲ್ಲ. ಬುಡವನ್ನು ಮೇಜಿಗೆ ಕ್ಲ್ಯಾಂಪ್ ಹಾಕಿದ್ದೇನೆ. ತುದಿ ಎಳೆದು ಬಿಡುತ್ತೇನೆ. ಝುಂಯ್ ಅಂತ ಆಡಿತು, ಎಣಿಸುವುದಕ್ಕೆ ಆಗಲಿಲ್ಲ ಅಲ್ಲವೇ? ಈಗ ಒಂದು ರೂಪಾಯಿ ನಾಣ್ಯ, 2011ರಿಂದ ಬಂದ ಸಣ್ಣದು, 3.79 ಗ್ರಾಂ. ಇದನ್ನು ಕೋಲಿನ ನಟ್ಟನಡುವೆ ಟೇಪ್ ಹಾಕಿ ಅಂಟಿಸಿದೆ. ಮತ್ತೆ ಬಿಡುತ್ತೇನೆ. ವ್ಯತ್ಯಾಸ ಕಾಣಿಸಿತಾ? ಇಲ್ಲ. ಈಗ ಅದೇ ನಾಣ್ಯ ತುದಿಗೆ. ನೋಡಿ ಹೆಂಗಿದೆ, ತೂಗುಯ್ಯಾಲೆ. ಒಂದು, ಎರಡು, ಮೂರು, ಬಾಯಲ್ಲಿ ಎಣಿಸಬಹುದು. ಇನ್ನೂ ನಿಂತಿಲ್ಲ.

ಅದೇ ನಾಣ್ಯ, ಅದೇ ಕೋಲು. ಇದಕ್ಕೆ ಲೆಕ್ಕ ಇದೆ. ಬುಡದಲ್ಲಿ ಬಿಗಿದ ಕೋಲು ಆಡುವಾಗ ಯಾವ ಜಾಗ ಎಷ್ಟು ಅಗಲ ಆಡುತ್ತದೋ ಅದರ ವರ್ಗದಷ್ಟು ಅಲ್ಲಿನ ತೂಕಕ್ಕೆ ಬೆಲೆ. ಉದ್ದಕ್ಕೂ ಒಂದೇ ದಪ್ಪದ ಕೋಲಾದರೆ ನಡುಭಾಗ ಆಡುವುದು ತುದಿಯ ಮೂರನೇ ಒಂದು ಭಾಗದಷ್ಟು. ಅದರ ವರ್ಗ ಒಂಬತ್ತನೇ ಒಂದು ಭಾಗ. ಅಂದರೆ ನಡುವಿನ ಒಂಬತ್ತು ಗ್ರಾಂ, ತುದಿಯ ಒಂದು ಗ್ರಾಮಿಗೆ ಸಮ. ನಮ್ಮ ಬ್ಲ್ಯಾಂಕುಗಳು ತುದಿಗೆ ಹೋಗುತ್ತಾ ಸಣ್ಣಗಾಗುವುದರಿಂದ ಈ ವ್ಯತ್ಯಾಸ ಇನ್ನೂ ಜಾಸ್ತಿ. ನಾಣ್ಯ ಇಟ್ಟು ಕೋಲು ಅಳೆಯುವುದು ನನ್ನ ಬುದ್ಧಿಯಲ್ಲ. ಅಮೆರಿಕದಲ್ಲಿ ವಿಲಿಯಂ ಹ್ಯಾನಮನ್ ಅನ್ನುವವರು ಅಲ್ಲಿನ ಒಂದು ಸೆಂಟ್ ನಾಣ್ಯಗಳನ್ನೇ ತೂಕದ ಬಟ್ಟು ಮಾಡಿಕೊಂಡು ಒಂದು ಪದ್ಧತಿ ಕಟ್ಟಿದರು. 1982ರ ಮೇಲಿನ ಸೆಂಟು ಎರಡೂವರೆ ಗ್ರಾಂ ತೂಗುತ್ತದೆ. ಕೋಲು ತನ್ನ ಉದ್ದದ ಮೂರನೇ ಒಂದು ಭಾಗ ಬಾಗುವವರೆಗೆ ತುದಿಗೆ ನಾಣ್ಯ ತೂಗುಹಾಕಿ ಎಣಿಸುವುದು, ಅಷ್ಟೇ. ಯಾವ ಕಂಪನಿ ಕೋಲಿನ ಮೇಲೆ ಏನೇ ಬರೆದಿರಲಿ, ನಾಣ್ಯ ಸುಳ್ಳು ಹೇಳುವುದಿಲ್ಲ.

ಎಸೆತಕ್ಕೂ ಇದಕ್ಕೂ ಏನು ಸಂಬಂಧ? ನೀವು ಕೈ ಬೀಸಿ ನಿಲ್ಲಿಸಿದಾಗ ಬಾಗಿದ ಕೋಲು ನೆಟ್ಟಗಾಗುತ್ತದೆ, ಲ್ಯೂರು ಹಾರುತ್ತದೆ. ಆದರೆ ಕೋಲು ನೆಟ್ಟಗಾಗಿ ಅಲ್ಲೇ ನಿಲ್ಲುವುದಿಲ್ಲ, ಮುಂದಕ್ಕೆ ಬಾಗಿ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ. ಆ ಹೊತ್ತಿನಲ್ಲೇ ದಾರ ಅದರ ಮೂಲಕ ಅತಿ ವೇಗವಾಗಿ ಓಡುತ್ತಿರುತ್ತದೆ. ತುದಿ ಆಡುತ್ತಲೇ ಇದ್ದರೆ ದಾರದಲ್ಲಿ ಅಲೆ ಏಳುತ್ತದೆ, ಬಳೆಯ ಗೋಡೆಗೆ, ಕೋಲಿಗೆ ಬಡಿಯುತ್ತದೆ. ತುದಿ ಹಗುರವಾಗಿದ್ದರೆ ಬೇಗ ನೆಟ್ಟಗಾಗುತ್ತದೆ, ಬೇಗ ಸುಮ್ಮನಾಗುತ್ತದೆ. ಹಾಗಾಗಿ ಮೇಲಿನ ಮೂರನೇ ಒಂದು ಭಾಗದಲ್ಲಿ 8ರ ಎರಡು ಕಾಲಿನ ಗೈಡು ತೆಗೆದು 5.5ರ ಒಂಟಿ ಕಾಲಿನದು ಹಾಕಿದರೆ ಕೋಲಿನ ಸ್ವಭಾವವೇ ಬದಲಾಗುತ್ತದೆ.

ಒಂಟಿ ಕಾಲು ಅಂದೆ, ಅದರ ಲಾಭ ಗೈಡಿನ ತೂಕದಲ್ಲಿ ಮಾತ್ರ ಇಲ್ಲ. ಒಂದು ಕಾಲಿಗೆ ಸುತ್ತುವ ದಾರ ಅರ್ಧ, ಅದರ ಮೇಲೆ ಹಚ್ಚುವ ಎಪಾಕ್ಸಿ ಅಂಟು ಅರ್ಧ. ಪುಟ್ಟ ಗೈಡುಗಳಲ್ಲಿ ದಾರ ಮತ್ತು ಎಪಾಕ್ಸಿಯ ತೂಕ ಗೈಡಿನ ತೂಕಕ್ಕೇ ಪೈಪೋಟಿ ಕೊಡುತ್ತದೆ. ಟೈಟಾನಿಯಂ ಗೈಡಿಗೆ ಸಾವಿರಾರು ರೂಪಾಯಿ ಸುರಿದು, ಮೇಲೆ ಜೇನುತುಪ್ಪ ಸುರಿದ ಹಾಗೆ ಎಪಾಕ್ಸಿ ಹಚ್ಚಿದ ಕೋಲುಗಳನ್ನು ರಿಪೇರಿಗೆ ತರುತ್ತಾರೆ. ಗೈಡಿನಲ್ಲಿ ಉಳಿಸಿದ್ದನ್ನೆಲ್ಲ ಬ್ರಷ್ಷಿನಲ್ಲಿ ಕಳೆದಿರುತ್ತಾರೆ. ತೆಳುವಾಗಿ, ದಾರದ ಎಳೆ ಎಳೆ ಕಾಣುವ ಹಾಗೆ ಹಚ್ಚಿದರೆ ಸಾಕು. ಗಾಜಿನ ಗೋಲಿಯಂತೆ ಹೊಳೆಯಬೇಕು ಅನ್ನುವವರಿಗೆ ನಾನು ಬುಡದ ಕಡೆ ಹಾಗೆ ಮಾಡಿಕೊಡುತ್ತೇನೆ, ತುದಿಯ ಕಡೆ ಮಾಡುವುದಿಲ್ಲ.

ಸರಿ, ಹಾಗಾದರೆ ಸಣ್ಣದು ಮಾಡುತ್ತಾ ಹೋಗಬಹುದಾ, 4, 3.5? ಎಲ್ಲಿ ನಿಲ್ಲಬೇಕು?

ನಿಲ್ಲಿಸುವುದು ಗಂಟು. ಬ್ರೇಡಿನ ತುದಿಗೆ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರದ ಒಂದು ತುಂಡು, ಅಂದರೆ ಲೀಡರ್, ಕಟ್ಟುತ್ತೇವೆ. ಎಸೆಯುವಾಗ ಆ ಗಂಟು ಎಲ್ಲ ಗೈಡುಗಳನ್ನೂ ದಾಟಿ ಹೋಗಬೇಕು. ಎಫ್‌ಜಿ ಗಂಟು ತೆಳು, ಚೆನ್ನಾಗಿ ಹಾಕಿದರೆ ನುಣ್ಣಗೆ ಜಾರುತ್ತದೆ. ಡಬಲ್ ಯೂನಿ ಗಂಟಿಗೆ ಎರಡು ಗುಬುಟು. ನನ್ನ ಪರೀಕ್ಷೆ ಸರಳ: ಗೈಡನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ನೀವು ನಿಜವಾಗಿ ಬಳಸುವ ಗಂಟನ್ನು ಎರಡೂ ದಿಕ್ಕಿಗೆ ಎಳೆಯಿರಿ. ಬೆರಳಿಗೆ ಟಿಕ್ ಅಂತ ತಾಗಿತೋ, ಒಂದು ಸೈಜು ಮೇಲೆ ಹೋಗಿ. ಕೈಯಲ್ಲಿ ನಿಧಾನವಾಗಿ ಎಳೆದಾಗಲೇ ತಾಗುವ ಗಂಟು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಏನು ಮಾಡುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಹೇಳುತ್ತೇನೆ ಬಿಡಿ, ನನಗೇ ಆದದ್ದು. ಕಡಲತೀರದಿಂದ ಎಸೆಯುವ ಹದಿಮೂರಡಿ ಕೋಲು ಕಟ್ಟಿದ್ದೆ. ಏಳಡಿಯಲ್ಲಿ ಗೆದ್ದ ಜಂಬ, ಅದಕ್ಕೂ ಪುಟ್ಟ ಗೈಡುಗಳನ್ನೇ ಸಾಲಾಗಿ ಹಾಕಿದೆ. ತೀರದ ಎಸೆತದಲ್ಲಿ ಒಂದು ಹಳೆಯ ಲೆಕ್ಕ ಇದೆ, ಒಂದು ಔನ್ಸ್ ಸೀಸಕ್ಕೆ ಹತ್ತು ಪೌಂಡಿನ ಲೀಡರ್. ನಾಲ್ಕು ಔನ್ಸ್, ಅಂದರೆ 113 ಗ್ರಾಮಿನ ಸೀಸ, ಅದಕ್ಕೆ 40 ಪೌಂಡಿನ ನೈಲಾನ್ ಲೀಡರ್. ಅರ್ಧ ಮಿಲಿಮೀಟರಿಗಿಂತ ದಪ್ಪ. ಅದರ ಗಂಟು ಭತ್ತದ ಕಾಳಿನಷ್ಟು. ಕುಂದಾಪುರದ ಹತ್ತಿರ ಒಂದು ತೀರದಲ್ಲಿ, ಬೆಳಗಿನ ಹೊತ್ತು, ಇದ್ದ ಶಕ್ತಿಯೆಲ್ಲ ಹಾಕಿ ಬೀಸಿದೆ. ಬಂದೂಕು ಹಾರಿದಂಥ ಸದ್ದು. ಗಂಟು ತುದಿಯಿಂದ ಮೂರನೇ ಗೈಡಿಗೆ ಸಿಕ್ಕಿಕೊಂಡಿತ್ತು. ದಾರ ಹರಿದು ಸೀಸ ಒಂಟಿಯಾಗಿ ಹೋಗಿತ್ತು, ಎತ್ತ ಹೋಯಿತು ಅಂತಲೂ ಕಾಣಲಿಲ್ಲ. ಸಮುದ್ರದ ಕಡೆಗೇ ಹೋಗಿತ್ತು, ಪುಣ್ಯ. ಎಡಕ್ಕೆ ನೂರು ಹೆಜ್ಜೆಯಲ್ಲಿ ಕೈರಂಪಣಿ ಬಲೆ ಎಳೆಯುವವರು ಇದ್ದರು. ಅವತ್ತಿನಿಂದ ತೀರದ ಕೋಲಿಗೆ ತುದಿಯಲ್ಲೂ 10ಕ್ಕಿಂತ ಇಳಿಯುವುದಿಲ್ಲ. ಅಲ್ಲಿ ಒಂದೆರಡು ಗ್ರಾಂ ತೂಕದ ಚಿಂತೆ ಬೇಡ, 113 ಗ್ರಾಂ ಎಸೆಯುವ ಕೋಲಿಗೆ ಅದು ಗೊತ್ತೂ ಆಗುವುದಿಲ್ಲ. 5 ಗ್ರಾಂ ಲ್ಯೂರಿನ ಕೋಲಿಗೆ ಅದೇ ಒಂದೆರಡು ಗ್ರಾಂ ಜೀವನ್ಮರಣದ ಪ್ರಶ್ನೆ.

ಗಂಟಿನ ಜೊತೆಗೆ ಕಸವೂ ಇದೆ. ನಮ್ಮ ಕೆರೆಗಳಲ್ಲಿ ಪಾಚಿಯ ಎಳೆ ಗಂಟಿಗೆ ಸಿಕ್ಕಿ ಬರುತ್ತದೆ, ಸಣ್ಣ ಬಳೆಗೆ ಬಂದು ಮುಚ್ಚಳ ಹಾಕುತ್ತದೆ. ಚಳಿದೇಶಗಳಲ್ಲಿ ಬಳೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಅಮೆರಿಕದ ಮಹಾ ಸರೋವರಗಳ ಕಡೆ ಚಳಿಗಾಲದಲ್ಲಿ ಗಾಳ ಹಾಕುವವರು ಬೇಕೆಂದೇ ದೊಡ್ಡ ಗೈಡು ಹಾಕಿಸಿಕೊಳ್ಳುತ್ತಾರೆ. ನಮಗೆ ಆ ತೊಂದರೆ ಇಲ್ಲ, ಇದ್ದರೆ ನಾನು ಈ ಹವ್ಯಾಸಕ್ಕೇ ಬರುತ್ತಿರಲಿಲ್ಲ.

ಬೇಟ್‌ಕಾಸ್ಟಿಂಗ್ ರೀಲಿನವರು ಕೈ ಎತ್ತುತ್ತಿದ್ದೀರಿ. ನಿಮ್ಮ ಕಥೆ ಚಿಕ್ಕದು. ಅಲ್ಲಿ ಉರುಳೆಯೇ ತಿರುಗುತ್ತದೆ, ದಾರ ನೇರ ಬರುತ್ತದೆ, ಬಲೂನೇ ಇಲ್ಲ. ಆದ್ದರಿಂದ ಮೊದಲ ಗೈಡಿನಿಂದಲೇ ಸಣ್ಣದು ಹಾಕಬಹುದು, ಮೈಕ್ರೋ ಗೈಡು ನಿಜವಾಗಿ ಹೊಂದುವುದು ಅಲ್ಲೇ. ಗಂಟಿನ ನಿಯಮ ಮಾತ್ರ ನಿಮಗೂ ಇದೆ. ಇನ್ನು ಫ್ಲೈ ರಾಡು ಪೂರಾ ಬೇರೆ ಲೋಕ. ಅಲ್ಲಿ ಎಸೆಯುವುದೇ ದಾರದ ತೂಕವನ್ನು, ದಾರವೋ ದಪ್ಪ. ಅದನ್ನು ಇವತ್ತು ಮುಟ್ಟುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಮಾತ್ರ ಕಳೆಯಬೇಕು. "ಗೈಡು ಜಾಸ್ತಿಯಾದರೆ ಘರ್ಷಣೆ ಜಾಸ್ತಿ" ಅನ್ನುತ್ತಾರೆ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದರೆ ತುಂಬಿದ ಕೊಡವೂ ನಿಲ್ಲುತ್ತದಲ್ಲ? ಅಲ್ಲಿ ಲೆಕ್ಕಕ್ಕೆ ಬರುವುದು ಹಗ್ಗ ಒಟ್ಟು ಎಷ್ಟು ಕೋನ ತಿರುಗಿತು ಅನ್ನುವುದು, ಕಂಬ ಎಷ್ಟು ದಪ್ಪ ಅನ್ನುವುದಲ್ಲ. ಇಲ್ಲೂ ಹಾಗೇ. ಮೀನು ಎಳೆಯುವಾಗ ಕೋಲು ಬಾಗಿ ದಾರ 90 ಡಿಗ್ರಿ ತಿರುಗಿದರೆ, ಆ ತಿರುವನ್ನು ಐದು ಗೈಡು ಹಂಚಿಕೊಂಡರೂ ಒಂಬತ್ತು ಹಂಚಿಕೊಂಡರೂ ಒಟ್ಟು ಘರ್ಷಣೆ ಹೆಚ್ಚುಕಡಿಮೆ ಅಷ್ಟೇ. ಬದಲಿಗೆ ಗೈಡು ಕಡಿಮೆಯಾದರೆ ದಾರ ಬಿಲ್ಲಿನ ಹೆದೆಯ ಹಾಗೆ ಅಡ್ಡ ಹಾಯ್ದು ಕೋಲಿಗೇ ಉಜ್ಜುತ್ತದೆ. ಪುಟ್ಟ ಗೈಡು ತಗ್ಗಾಗಿ ಕೂರುವುದರಿಂದ ಅದಕ್ಕೆ ಒಂದೆರಡು ಜಾಸ್ತಿಯೇ ಬೇಕು. ಅಡಿಗೊಂದು, ಮೇಲೆ ತುದಿಯದೊಂದು ಅನ್ನುವುದು ಬಾಯಿಲೆಕ್ಕ. ಕೋಲು ಬಾಗಿಸಿ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಇಷ್ಟೆಲ್ಲ ಹೇಳಿ ನಿಮಗೆ ಬೇಸರವಾಗುವ ಮಾತೊಂದನ್ನು ಹೇಳುತ್ತೇನೆ. ಮೊದಲ ಗೈಡು ಸರಿಯಾದ ಜಾಗದಲ್ಲಿದ್ದು, ಗಂಟು ಸಲೀಸಾಗಿ ದಾಟುವ ಹಾಗಿದ್ದರೆ, 5.5 ಹಾಕಿದ ಕೋಲಿಗೂ 7 ಹಾಕಿದ ಕೋಲಿಗೂ ದೂರದಲ್ಲಿ ನಾನು ಕಂಡ ವ್ಯತ್ಯಾಸ ನನ್ನದೇ ಎರಡು ಎಸೆತಗಳ ನಡುವಿನ ವ್ಯತ್ಯಾಸಕ್ಕಿಂತ ಕಡಿಮೆ. ಒಂದು ಸಂಜೆ ಎಸೆದು "ಐದು ಮೀಟರ್ ಜಾಸ್ತಿ ಹೋಯ್ತು" ಅನ್ನುವವರ ಮಾತು ನಾನು ನಂಬುವುದಿಲ್ಲ, ಆ ಐದು ಮೀಟರು ಗಾಳಿಯದ್ದಿರಬಹುದು. ರೀಲಿನ ಅಂಚಿಗೆ ಒಂದೂವರೆ ಎರಡು ಮಿಲಿಮೀಟರ್ ಉಳಿಯುವವರೆಗೆ ದಾರ ತುಂಬದೆ ಅರ್ಧ ಖಾಲಿ ಉರುಳೆಯಲ್ಲಿ ಎಸೆಯುವವರು ಗೈಡಿನ ಮಾತೇ ಆಡಬಾರದು. ಸಣ್ಣ ಗೈಡಿನಿಂದ ನಿಮಗೆ ಸಿಗುವುದು ಬೇರೆ: ಲ್ಯೂರು ನೀವು ನೋಡಿದ ಕಡೆ ಬೀಳುತ್ತದೆ, ದಿನವಿಡೀ ಎಸೆದರೂ ಮಣಿಕಟ್ಟು ನೋಯುವುದಿಲ್ಲ, ಕೆಂಬೇರಿ ಮೀನು ಲ್ಯೂರನ್ನು ಮೂತಿಯಿಂದ ಬರೀ ತಟ್ಟಿ ಹೋದರೂ ಕೈಗೆ ಗೊತ್ತಾಗುತ್ತದೆ. ನನಗೆ ಅದು ಐದು ಮೀಟರಿಗಿಂತ ದೊಡ್ಡದು.

ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಬರೆಯುತ್ತೇನೆ.

ಮಲ್ಪೆಯಿಂದ ಬಂದ ಹಿರಿಯರೊಬ್ಬರು, "ನನ್ನದು ಹಳೇ ಅಂಗಡಿ ರಾಡು ಮಾರಾಯ್ರೆ. ಎಲ್ಲ ಬಿಚ್ಚಿ ಕಟ್ಟಿಸ್ಲಿಕ್ಕೆ ಮನಸ್ಸಿಲ್ಲ. ಒಂದೇ ಗೈಡು ಬದಲಾಯಿಸುದಾದ್ರೆ ಯಾವುದು?" ಅಂದರು. ಮೊದಲನೆಯದು, ಅಂದೆ. ಹಳೆಯ ಕಟ್ಟು ಬ್ಲೇಡಿನಲ್ಲಿ ಬಿಡಿಸುವಾಗ ಗೈಡಿನ ಕಾಲಿನ ಮೇಲೆ ಮಾತ್ರ ಕೊಯ್ಯಿರಿ, ಕೋಲಿನ ಮೇಲಲ್ಲ. ಬ್ಲ್ಯಾಂಕಿಗೆ ಗೀರು ಬಿದ್ದರೆ ಒಂದು ದಿನ ಅಲ್ಲೇ ಮುರಿಯುತ್ತದೆ. ಎತ್ತರದ 20 ಅಥವಾ 25 ತನ್ನಿ, ಕಟ್ಟಬೇಡಿ, ಟೇಪ್ ಹಾಕಿ. ಒಂದಂಗುಲ ಹಿಂದೆ, ಒಂದಂಗುಲ ಮುಂದೆ, ಒಂದೊಂದು ಜಾಗದಲ್ಲಿ ಹತ್ತು ಎಸೆತ. ದೂರ ನೋಡುವುದಕ್ಕಿಂತ ಮೊದಲು ಸದ್ದು ಕೇಳಿ. ಪಟಪಟ ಎಲ್ಲಿ ಅತ್ಯಂತ ಕಡಿಮೆಯಾಗುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ.

ಇನ್ನೊಂದು, ಅಪ್ಪನ ಜೊತೆ ಬಂದಿದ್ದ ಹುಡುಗಿಯದು. ಏಳನೇ ಕ್ಲಾಸು. "ಅಂಕಲ್, ಎಸೆಯೋದಕ್ಕಾದ್ರೆ ಮೊದಲನೇ ಗೈಡು, ತುದಿದು, ಎರಡೇ ಸಾಕಲ್ವಾ? ಮಧ್ಯದ್ದೆಲ್ಲ ಮೀನಿಗೆ ತಾನೆ?"

ಸಭೆ ನಕ್ಕಿತು. ನಾನು ನಗಲಿಲ್ಲ. ಗೈಡೇ ಇಲ್ಲದೆ ದಾರವನ್ನು ಕೋಲಿನ ಕೊಳವೆಯೊಳಗೇ ಹಾಯಿಸುವ ರಾಡನ್ನು ಜಪಾನಿನ ದೈವಾದವರು ಇಂಟರ್‌ಲೈನ್ ಅಂತ ಮಾಡಿ ಮಾರಿದ್ದಾರೆ, ಅದರ ಜಗಳವೆಲ್ಲ ಒಳಗೆ ಸೇರುವ ನೀರಿನದ್ದು, ಅಂತ ಹೇಳಿದೆ. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬರೀ ಎರಡು ಗೈಡಿನಲ್ಲಿ ನಾನು ಯಾವತ್ತೂ ಎಸೆದು ನೋಡಿರಲಿಲ್ಲ.

ತೋರಿಸಲೆಂದು ತಂದಿದ್ದ ಮೂರನೇ ಕೋಲಿನಲ್ಲಿ ಗೈಡುಗಳೆಲ್ಲ ಇನ್ನೂ ಟೇಪಿನಲ್ಲೇ ಇದ್ದವು. ಹೊರಗೆ ಅರ್ಧ ಗಂಟೆಯ ಬೆಳಕಿತ್ತು, ಪಕ್ಕದ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು ಸ್ಟಂಪು ಕೀಳುತ್ತಿದ್ದರು. ಮೈಕು ವಾಪಸ್ ಕೊಟ್ಟೆ. ನಡುವಿನ ಆರು ಗೈಡುಗಳ ಟೇಪನ್ನು ಅವಳೇ ಉಗುರಿನಲ್ಲಿ ಕೆರೆದು ಒಂದೊಂದಾಗಿ ಬಿಚ್ಚಿ ಅಪ್ಪನ ಅಂಗೈಗೆ ಹಾಕಿದಳು. ನಾನು ಹತ್ತು ಗ್ರಾಮಿನ ತೂಕ ಕಟ್ಟಿಕೊಂಡೆ.